ಹ್ಯುಂಡೈ ಐ20 ಎನ್ ಲೈನ್‌ಗೆ ಆಯಿಲ್ ಕ್ಯಾಚ್ ಕ್ಯಾನ್ ಹಾಕ್ಸಿದೀನಿ, ದುಡ್ಡಿಗೆ ಮೋಸ ಇಲ್ಲ ಆದ್ರೆ ಪೈಪ್ ಮಾತ್ರ ದಂಡ

ಕ್ಯಾಚ್ ಕ್ಯಾನ್ ಅಂದ್ರೆ ಇಂಜಿನ್‌ನಿಂದ ಬರೋ ಆವಿಯಲ್ಲಿರೋ ಎಣ್ಣೆನ ಹಿಡಿದಿಡೋ ಡಬ್ಬಿ. ಮೊದ್ಲೇ ಹೇಳ್ಬಿಡ್ತೀನಿ, ಇದನ್ನ ಹಾಕಿದ್ರೆ ಪಿಕಪ್ ಜಾಸ್ತಿ ಆಗಲ್ಲ, ಮೈಲೇಜೂ ಏರಲ್ಲ, ಸೌಂಡ್ ಅಂತೂ ಕೇಳಲೇಬೇಡಿ. ಬಾನೆಟ್ ಎತ್ತಿ ಫ್ರೆಂಡ್ಸ್‌ಗೆ ತೋರ್ಸೋಕೆ ಬೇಕು ಅನ್ನೋರು ಬೇರೆ ಏನಾದ್ರೂ ತಗೊಳಿ. ಟರ್ಬೊ ಪೆಟ್ರೋಲ್ ಗಾಡಿ ತಗೊಂಡು ಲಕ್ಷ ಕಿಲೋಮೀಟರ್ ದಾಟಿದ್ಮೇಲೂ ಇಟ್ಕೊಂಡಿರ್ತೀನಿ ಅನ್ನೋ ನನ್ನಂಥವ್ರಿಗೆ ಈ ರಿವ್ಯೂ.

ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿರ್ಲಿ ಸ್ವಲ್ಪ ಗ್ಯಾಸ್ ಕೆಳಗೆ ಕ್ರ್ಯಾಂಕ್‌ಕೇಸ್‌ಗೆ (ಇಂಜಿನ್‌ನ ಕೆಳಭಾಗಕ್ಕೆ) ನುಗ್ಗೇ ನುಗ್ಗುತ್ತೆ, ಟರ್ಬೊದಲ್ಲಿ ಸಿಲಿಂಡರ್ ಪ್ರೆಶರ್ ಜಾಸ್ತಿ ಇರೋದ್ರಿಂದ ಇನ್ನೂ ಜಾಸ್ತಿ, ಅದು ಅಲ್ಲಿರೋ ಎಣ್ಣೆ ಆವಿ, ನೀರಾವಿ, ಸುಡದೆ ಉಳಿದ ಪೆಟ್ರೋಲ್ ಎಲ್ಲಾ ಸೇರಿಸ್ಕೊಂಡು ವಾಪಸ್ ಇನ್‌ಟೇಕ್‌ಗೇ (ಇಂಜಿನ್‌ಗೆ ಗಾಳಿ ಹೋಗೋ ದಾರಿಗೆ) ಹೋಗುತ್ತೆ, ಯಾಕಂದ್ರೆ ಎಮಿಷನ್ ರೂಲ್ಸ್ ಪ್ರಕಾರ ಅದನ್ನ ಹೊರಗೆ ಬಿಡೋ ಹಾಗಿಲ್ಲ. ಹಳೇ ಎಂಪಿಎಫ್‌ಐ (ಸಿಲಿಂಡರ್ ಹೊರಗೇ ಪೆಟ್ರೋಲ್ ಸ್ಪ್ರೇ ಮಾಡೋ) ಗಾಡೀಲಿ ಇದು ತಲೆನೋವೇ ಅಲ್ಲ, ಪೆಟ್ರೋಲ್ ಇನ್‌ಟೇಕ್ ವಾಲ್ವ್ ಮೇಲೇ ಸ್ಪ್ರೇ ಆಗೋದು, ಜಿಡ್ಡು ಕೂತ್ರೂ ತೊಳ್ಕೊಂಡು ಹೋಗೋದು. ಎನ್ ಲೈನ್‌ನ 998 ಸಿಸಿ ಮೂರು ಸಿಲಿಂಡರ್ ಇಂಜಿನ್‌ದು ಡೈರೆಕ್ಟ್ ಇಂಜೆಕ್ಷನ್, ಪೆಟ್ರೋಲ್ ಸೀದಾ ಸಿಲಿಂಡರ್ ಒಳಗೆ, ವಾಲ್ವ್ ಬೆನ್ನಿಗೆ ಒಂದು ಹನಿನೂ ಸೋಕಲ್ಲ. ಹಾಗಾಗಿ ಅಲ್ಲಿ ಕೂತ ಎಣ್ಣೆ ಬಾಣಲೆ ತಳದ ಕರಿ ತರ ಪದರ ಪದರವಾಗಿ ಗಟ್ಟಿ ಆಗ್ತಾ ಹೋಗುತ್ತೆ, ಆಮೇಲೆ ಅದನ್ನ ಕೀಳ್ಬೇಕಂದ್ರೆ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಪೈಪು) ಬಿಚ್ಚಿ ಅಕ್ರೋಟ್ ಚಿಪ್ಪಿನ ಪುಡಿ ಗಾಳಿ ಜೊತೆ ಹೊಡಿಬೇಕು, ಅದರ ಬಿಲ್ ಮುಂದೆ ಕ್ಯಾನ್ ದುಡ್ಡು ಏನೂ ಅಲ್ಲ.

ಇನ್ನು ಡಬ್ಬಿ ವಿಷ್ಯ. ಬ್ರ್ಯಾಂಡ್ ಹೆಸರು ಹಾಕಲ್ಲ, ಒಳಗಡೆ ಇದೇ ಡಿಸೈನ್ ಇರೋದು ನಾಲ್ಕಾರು ಹೆಸರಲ್ಲಿ ಸಿಗುತ್ತೆ. ತಗೊಳೋವಾಗ ನೋಡ್ಬೇಕಾಗಿದ್ದು ಹೊರಗಿನ ಪಾಲಿಶ್ ಅಲ್ಲ, ಮುಚ್ಚಳ ಬಿಚ್ಚಿ ಒಳಗೆ ಏನಿದೆ ಅಂತ. ಆನ್‌ಲೈನ್‌ನಲ್ಲಿ ಚೀಪಾಗಿ ಬರೋ ಎಷ್ಟೋ ಕ್ಯಾನ್ ಬರೀ ಖಾಲಿ ಡಬ್ಬ, ಎರಡು ಪೈಪ್ ಮೂತಿ ಅಕ್ಕಪಕ್ಕ, ಆವಿ ಒಂದರಲ್ಲಿ ಬಂದು ಇನ್ನೊಂದರಲ್ಲಿ ಆರಾಮಾಗಿ ಹೋಗ್ತಾ ಇರುತ್ತೆ. ನಂದ್ರಲ್ಲಿ ಒಳಗೆ ಬರೋ ಪೈಪ್ ಅರ್ಧ ಡಬ್ಬಿವರೆಗೂ ಇಳಿದಿದೆ, ಅದರ ಸುತ್ತ ಸ್ಟೀಲ್ ಮೆಶ್ ತುಂಬಿದೆ, ಕೆಳಗೆ ತೂತು ಇರೋ ಒಂದು ಪ್ಲೇಟ್. ಆವಿ ಮೆಶ್ ಮಧ್ಯೆ ತೂರಿ ಮೇಲೆ ಬರುವಾಗ ಸಣ್ಣ ಹನಿಗಳು ತಂತಿಗೆ ಅಂಟಿ ದೊಡ್ಡದಾಗಿ ಕೆಳಗೆ ಬೀಳುತ್ತೆ, ಬಿದ್ದಿದ್ದು ಮತ್ತೆ ಮೇಲಕ್ಕೆ ಎಳ್ಕೊಂಡು ಹೋಗದ ಹಾಗೆ ಆ ಪ್ಲೇಟ್ ತಡಿಯುತ್ತೆ. ಕೆಲಸ ಮಾಡೋದು ಇಷ್ಟೇ ಜಾಗ. ತಳದಲ್ಲಿ ಡ್ರೈನ್ ಟ್ಯಾಪ್ ಇದೆ, ಬಗ್ಗಿ ತಿರುಗಿಸಿದ್ರೆ ಆಯ್ತು.

ಬೇಜಾರಾಗಿದ್ದು ಜೊತೆಗೆ ಕೊಟ್ಟ ಸಿಲಿಕಾನ್ ಪೈಪ್. ನೋಡೋಕೆ ನೀಲಿ ಕಲರ್, ಭಾರಿ ಚೆಂದ, ಆದ್ರೆ ಸಾದಾ ಸಿಲಿಕಾನ್‌ಗೂ ಎಣ್ಣೆಗೂ ಆಗ್ಬರಲ್ಲ, ಸ್ವಲ್ಪ ದಿನಕ್ಕೇ ಮೆತ್ತಗಾಗಿ ಮೇಲೆಲ್ಲಾ ಎಣ್ಣೆ ಬೆವರೋಕೆ ಶುರು ಆಯ್ತು, ಮುಟ್ಟಿದ್ರೆ ಕೈ ಜಿಡ್ಡು. ಬೆಂಗಳೂರಿನ ಜೆ.ಸಿ. ರೋಡ್‌ಗೆ ಹೋಗಿ ಆಯಿಲ್‌ಗೆ ಅಂತನೇ ಬರೋ ಕರಿ ನೈಟ್ರೈಲ್ ರಬ್ಬರ್ ಪೈಪ್ ಮೀಟರ್ ಲೆಕ್ಕದಲ್ಲಿ ತಂದು ಹಾಕ್ಸಿದೆ, ಈಗ ಒಣಗಿದೆ. ಗೋಡೆ ದಪ್ಪ ಇರೋದೇ ತಗೊಳಿ, ತೆಳು ಪೈಪ್ ವ್ಯಾಕ್ಯೂಮ್‌ಗೆ ಒಳಗೆ ಚಪ್ಪಟೆ ಆಗುತ್ತೆ.

ಹಾಕಿದ ಮೆಕ್ಯಾನಿಕ್ ಒಳ್ಳೆ ಕೆಲ್ಸಗಾರ, ಆದ್ರೂ ಒಂದು ಐಡಿಯಾ ಕೊಟ್ಟ, "ಸಾರ್, ಡಬ್ಬಿ ಯಾಕೆ, ಪೈಪ್ ಬಿಚ್ಚಿ ಕೆಳಕ್ಕೆ ಬಿಟ್ಬಿಡೋಣ, ಎಣ್ಣೆ ರೋಡಿಗೆ ಹೋಗುತ್ತೆ" ಅಂತ. ದಯವಿಟ್ಟು ಯಾರೂ ಒಪ್ಕೋಬೇಡಿ. ಸಿಗ್ನಲ್‌ನಲ್ಲಿ ನಿಂತಾಗ ಎಸಿ ಒಳಗಿಂದ ಸುಟ್ಟೆಣ್ಣೆ ವಾಸನೆ ಬರುತ್ತೆ, ಮ್ಯಾನಿಫೋಲ್ಡ್ ಕಡೆ ಮೂತಿ ತೆರೆದಿದ್ರೆ ಗಾಳಿ ಲೀಕ್ ಆಗಿ ಐಡಲ್ ಕುಣಿಯುತ್ತೆ, ಪೊಲ್ಯೂಷನ್ ಅಂತೂ ಇದ್ದೇ ಇದೆ.

ಡ್ರೈನ್ ಮಾಡಿದಾಗ ಬರೋದು ಸೀಸನ್ ಮೇಲೆ. ಮಳೆಗಾಲದಲ್ಲಿ ಮನೆ, ಆಫೀಸು ಅಂತ ನಾಲ್ಕೈದು ಕಿಲೋಮೀಟರ್ ಓಡಿಸ್ತಾ ಇದ್ರೆ ಇಂಜಿನ್ ಪೂರ್ತಿ ಬಿಸಿನೇ ಆಗಲ್ಲ, ಆಗ ಬರೋದು ಬೆಳ್ಳಗೆ ಕಲಕಿದ ನೀರು, ಮೇಲೆ ತೆಳು ಎಣ್ಣೆ, ಮೂಗಿಗೆ ಪೆಟ್ರೋಲ್ ಘಾಟು. ಬೇಸಿಗೆಯಲ್ಲಿ ಮಂಗ್ಳೂರಿಗೆ ಹೋಗ್ಬಂದ್ರೆ ನೀರು ಇರಲ್ಲ, ಕಂದು ಎಣ್ಣೆ ಮಾತ್ರ ಸ್ವಲ್ಪ. ಇದನ್ನೆಲ್ಲಾ ಇಂಜಿನ್ ಕುಡಿತಿತ್ತಾ ಅಂತ ಗಾಬರಿ ಬೇಡ, ಮಳೆಗಾಲದಲ್ಲಿ ಬರೋದ್ರಲ್ಲಿ ಬಹುಪಾಲು ನೀರೇ ಇರುತ್ತೆ. ಹಾಗಂತ ಅದನ್ನ ವಾಪಸ್ ಆಯಿಲ್ ಫಿಲ್ಲರ್‌ಗೆ ಸುರಿಯೋ ಜಾಣರೂ ಇದಾರೆ, ಬೇಡಪ್ಪ, ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್‌ಗೆ ಹಾಕಿ.

ಒಂದು ವಿಷ್ಯ ಮಾರೋರು ಯಾರೂ ಹೇಳಲ್ಲ. ಐಡಲ್‌ನಲ್ಲಿ, ನಿಧಾನಕ್ಕೆ ಹೋಗುವಾಗ ಆವಿ ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸ್ ಆವಿನ ಹೊರಗೆ ಬಿಡೋ ವಾಲ್ವ್) ಮೂಲಕ ಮ್ಯಾನಿಫೋಲ್ಡ್‌ಗೆ ಹೋಗುತ್ತೆ. ಬೂಸ್ಟ್ ಬಂದ ತಕ್ಷಣ, ಅಂದ್ರೆ ಟರ್ಬೊ ಗಾಳಿ ಒತ್ತೋಕೆ ಶುರು ಮಾಡಿದಾಗ, ಮ್ಯಾನಿಫೋಲ್ಡ್‌ನಲ್ಲೇ ಪ್ರೆಶರ್ ಇರೋದ್ರಿಂದ ಆ ವಾಲ್ವ್ ಮುಚ್ಕೊಂಡು ಆವಿ ಬ್ರೀದರ್ ಅನ್ನೋ ಇನ್ನೊಂದು ಪೈಪ್ ಹಿಡ್ಕೊಂಡು ಟರ್ಬೊ ಗಾಳಿ ಎಳ್ಕೊಳೋ ಕಡೆಗೆ ಹೋಗುತ್ತೆ. ನಾನು ಹಾಕ್ಸಿರೋದು ಪಿಸಿವಿ ಸೈಡ್‌ಗೆ ಮಾತ್ರ, ಹಾಗಾಗಿ ಶಿರಾಡಿ ಘಾಟ್ ಹತ್ತುವಾಗ ಫುಲ್ ಬೂಸ್ಟ್‌ನಲ್ಲಿ ಈ ಕ್ಯಾನ್‌ಗೆ ಕೆಲಸನೇ ಇಲ್ಲ, ಟರ್ಬೊ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್‌ನ ಪೈಪ್ ಬಿಚ್ಚಿ ಬೆರಳಾಡಿಸಿದ್ರೆ ಈಗ್ಲೂ ಎಣ್ಣೆ ಅಂಟುತ್ತೆ. ಸಿಟಿ ಓಡಾಟನೇ ಜಾಸ್ತಿ ಇರೋರಿಗೆ ಒಂದು ಸಾಕು, ಘಾಟ್ ಜಾಸ್ತಿ ಇದ್ರೆ ಎರಡೂ ಲೈನ್‌ಗೆ ಬೇಕು.

ಮರೆತು ಡ್ರೈನ್ ಮಾಡ್ದೆ ಬಿಡೋ ಸ್ವಭಾವದವ್ರು ಇದರ ತಂಟೆಗೆ ಬರಬೇಡಿ. ತುಂಬಿದ ಕ್ಯಾನ್ ಅಷ್ಟೂ ಎಣ್ಣೆನ ಒಂದೇ ಸಲ ಇನ್‌ಟೇಕ್‌ಗೆ ಕೊಟ್ಬಿಡುತ್ತೆ, ಮೆಶ್ ಕಟ್ಕೊಂಡ್ರೆ ಕ್ರ್ಯಾಂಕ್‌ಕೇಸ್ ಪ್ರೆಶರ್ ಏರಿ ಆಯಿಲ್ ಸೀಲ್ ಕಿತ್ಕೊಳುತ್ತೆ. ವಾರಂಟಿ ಬಾಕಿ ಇರೋರು ಸರ್ವಿಸ್ ಸೆಂಟರ್‌ನಲ್ಲಿ ಮೊದ್ಲು ಕೇಳಿ.

ಡಬ್ಬಿಗೆ ಐದಕ್ಕೆ ನಾಲ್ಕು, ಪೈಪ್‌ಗೆ ಒಂದೂ ಇಲ್ಲ. ಬ್ಯಾಟರಿ ಪಕ್ಕ ಇನ್ನೊಂದಕ್ಕೆ ಜಾಗ ಹೊಂದಿಸಿದ್ರೆ ಬ್ರೀದರ್ ಸೈಡ್‌ಗೂ ಇದೇ ಕ್ಯಾನ್ ತಗೊತೀನಿ, ಪೈಪ್ ಮಾತ್ರ ಜೆ.ಸಿ. ರೋಡ್‌ದೇ.