ವಿಂಡೋಸ್ 11 ಬಂತು, ಅಜ್ಜ ಮುನಿಸಿಕೊಂಡ: ಹಳೇ ಲೇಸರ್ ಪ್ರಿಂಟರ್ ಜೊತೆ ಆರು ತಿಂಗಳು

ಮೊದಲೇ ಹೇಳಿಬಿಡ್ತೀನಿ, ಇದು ಹೊಸ ಪ್ರಿಂಟರ್ ವಿಮರ್ಶೆ ಅಲ್ಲ. 2012ರಲ್ಲಿ ತಗೊಂಡ ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ಇದು. ಕಂಪನಿ ಹೆಸರು ಬೇಡ, ಬೈಯೋದು ಸ್ವಲ್ಪ ಇದೆ. ನಮ್ಮದು ದಾವಣಗೆರೆ ಹದಡಿ ರಸ್ತೆ ಕಡೆ ಒಂದು ಸಣ್ಣ ಅಂಗಡಿ. ಜೆರಾಕ್ಸ್, ಟೈಪಿಂಗ್, ಪಹಣಿ, ಆನ್‌ಲೈನ್ ಅರ್ಜಿ, ಪರೀಕ್ಷೆ ಹತ್ತಿರ ಬಂದರೆ ಹಾಲ್ ಟಿಕೆಟ್. ಇಷ್ಟು ವರ್ಷ ಇದೊಂದೇ ಪ್ರಿಂಟರ್ ಮನೆ ನಡೆಸಿದೆ ಅಂದರೂ ತಪ್ಪಿಲ್ಲ. ಮಗಳು ಇದಕ್ಕೆ ಅಜ್ಜ ಅಂತ ಹೆಸರಿಟ್ಟಿದ್ದಾಳೆ, ಎದ್ದ ಕೂಡಲೇ ಕೆಮ್ಮುತ್ತಲ್ಲ ಅದಕ್ಕೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು, ಅಂದರೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ ನಿಂತವು, ಅದು ಎಲ್ಲರಿಗೂ ಗೊತ್ತು. ದಿನಾ ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ತೆರೆಯೋ ಕಂಪ್ಯೂಟರ್ ಅದು, ಸುಮ್ನೆ ಬಿಡೋಕಾಗಲ್ಲ ಅಂತ ದೀಪಾವಳಿ ಆದಮೇಲೆ ಒಂದು ಭಾನುವಾರ ವಿಂಡೋಸ್ 11 ಹಾಕಿಸಿದೆ. ಹಾಕಿಕೊಟ್ಟ ಹುಡುಗ ಎಲ್ಲ ಸರಿ ಇದೆ ಅಣ್ಣಾ ಅಂತ ಹೋದ. ಸರಿನೂ ಇತ್ತು. ಪ್ರಿಂಟ್ ಒಂದು ಬಿಟ್ಟು.

ಸೋಮವಾರ ಬೆಳಿಗ್ಗೆ ಆನಗೋಡು ಕಡೆಯ ಹಿರಿಯರೊಬ್ಬರು ಪಹಣಿಗೆ ಬಂದರು. ಪ್ರಿಂಟ್ ಕೊಟ್ಟೆ. ಪ್ರಿಂಟರ್ ತಣ್ಣಗೆ ಕೂತಿದೆ, ಹಸಿರು ದೀಪ ಉರೀತಿದೆ, ಆಯುಧ ಪೂಜೆಗೆ ಹಚ್ಚಿದ ಕುಂಕುಮ ಹಣೆ ಮೇಲೆ ಇನ್ನೂ ಹಾಗೇ ಇದೆ, ಆದರೆ ಹಾಳೆ ಎಳೀತಾ ಇಲ್ಲ. ಅವರು ಬೆಂಚಿನ ಮೇಲೆ ಕೂತು ಒಂದು ಎಲೆ ಅಡಿಕೆ ಮುಗಿಸಿದರು, ಆಮೇಲೆ ಇನ್ನೊಂದು. "ಏನ್ ತಮ್ಮಾ, ಮಿಷನ್ನಿಗೆ ಮುನಿಸು ಬಂದೈತೇನು?" ಅಂದರು. ಕೊನೆಗೆ ಪಕ್ಕದ ಅಂಗಡಿಗೆ ನಾನೇ ಹೋಗಿ ಮಾಡಿಸಿಕೊಂಡು ಬಂದೆ, ಆ ಅವಮಾನ ಇವತ್ತಿಗೂ ಹೋಗಿಲ್ಲ.

ಕಾರಣ ಏನಂತ ತಿಳಿಯೋಕೆ ಮೂರು ದಿನ ಹಿಡೀತು. ನಮ್ಮ ಹಳೇ ವಿಂಡೋಸ್ 10 ಇತ್ತಲ್ಲ, ಅದು 32 ಬಿಟ್ ಅನ್ನೋ ಹಳೇ ಬಗೆಯದು. ಈ ಪ್ರಿಂಟರ್‌ಗೋಸ್ಕರವೇ ಹಾಗೆ ಹಾಕಿಸಿದ್ದು, ಸಿಡಿಯಲ್ಲಿ ಬಂದಿದ್ದ ಡ್ರೈವರ್, ಅಂದರೆ ಕಂಪ್ಯೂಟರ್ ಮಾತನ್ನ ಪ್ರಿಂಟರ್‌ಗೆ ತಿಳಿಸೋ ಸಾಫ್ಟ್‌ವೇರ್, 32 ಬಿಟ್‌ಗೆ ಮಾತ್ರ. ವಿಂಡೋಸ್ 11ರಲ್ಲಿ 32 ಬಿಟ್ ಅನ್ನೋದೇ ಇಲ್ಲ, 64 ಒಂದೇ. ಹಳೇ ಡ್ರೈವರನ್ನ ತಲೆಕೆಳಗಾಗಿ ನಿಂತರೂ ಅದು ತಗೊಳ್ಳಲ್ಲ. ಕಂಪನಿಯ ಸೈಟ್‌ನಲ್ಲಿ ಹುಡುಕಿದರೆ ನನ್ನ ಮಾಡೆಲ್‌ಗೆ ವಿಂಡೋಸ್ 7ಕ್ಕೇ ಕೈ ತೊಳೆದುಕೊಂಡಿದ್ದಾರೆ. ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಹೊಸದು ತಗೊಳ್ಳಿ ಸರ್ ಅಂದಳು. ರೋಲರ್ ಚೆನ್ನಾಗಿದೆ, ಡ್ರಮ್ ಚೆನ್ನಾಗಿದೆ, ಅಕ್ಷರ ಕಣ್ಣಿಗೆ ಒತ್ತೋ ಹಾಗೆ ಬರುತ್ತೆ, ಆದರೂ ಬಿಸಾಕಬೇಕಂತೆ. ಕೈಕಾಲು ಗಟ್ಟಿ ಇರೋ ಮನುಷ್ಯನಿಗೆ ಆಧಾರ್ ಅಪ್‌ಡೇಟ್ ಆಗಿಲ್ಲ ಅಂತ ಪಿಂಚಣಿ ನಿಲ್ಲಿಸಿದ ಹಾಗೆ.

ಇನ್ನು ನಾನೇ ಮಾಡಿಕೊಂಡ ಎಡವಟ್ಟು. ಯಾವುದೋ ವಿಡಿಯೋ ನೋಡಿ ಜನರಿಕ್ ಡ್ರೈವರ್, ಅಂದರೆ ಯಾವ ಪ್ರಿಂಟರ್‌ಗಾದರೂ ಆಗುತ್ತೆ ಅನ್ನೋ ಸಾಮಾನ್ಯ ಡ್ರೈವರ್ ಹಾಕಿದೆ. ಅಜ್ಜ ಎದ್ದ! ಗರ್ ಅಂತ ಹಾಳೆ ಎಳೆದ, ಮೇಲ್ಗಡೆ ಒಂದೇ ಒಂದು ಸಾಲು ಚೀನೀ ಮಂತ್ರದ ಥರ ಏನೋ ಬರೆದ, ಮುಂದಿನ ಹಾಳೆ, ಅದರಲ್ಲೂ ಒಂದು ಸಾಲು, ಮುಂದಿನದು. ನಾನು ಬಾಗಿಲಲ್ಲಿ ಟೀ ಕುಡೀತಿದ್ದವನು ಓಡಿ ಬಂದು ಸ್ವಿಚ್ ಕಿತ್ತೋವಷ್ಟರಲ್ಲಿ ನಲವತ್ತು ಹಾಳೆ ಹೋಗಿತ್ತು. ಆ ಹಾಳೆ ಎಲ್ಲ ನಮ್ಮ ಬೀದಿಯ ಮಂಡಕ್ಕಿ ಗಾಡಿಗೆ ಕೊಟ್ಟೆ. ಸಂಜೆ ಮಿರ್ಚಿ ಕಟ್ಟಿಸಿಕೊಂಡರೆ ನನ್ನದೇ ಹಾಳೆ ವಾಪಸ್ ಬಂತು, ಎಣ್ಣೆ ಹೀರಿಕೊಂಡು ಆ ಮಂತ್ರದ ಸಾಲು ಇನ್ನೂ ಸ್ಪಷ್ಟವಾಗಿ ಕಾಣ್ತಿತ್ತು.

ಯಾಕೆ ಹಾಗಾಯಿತು ಅಂತ ಆಮೇಲೆ ಅಕ್ಕನ ಮಗ ಹೇಳಿದ, ಇಲ್ಲೇ ಇಂಜಿನಿಯರಿಂಗ್ ಓದ್ತಾನೆ. ದುಬಾರಿ ಪ್ರಿಂಟರ್‌ಗಳಿಗೆ ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಅಂತ ಎಲ್ಲರಿಗೂ ಗೊತ್ತಿರೋ ಭಾಷೆ ಬರುತ್ತೆ, ಅವಕ್ಕೆ ಜನರಿಕ್ ಡ್ರೈವರ್ ನಡೆಯುತ್ತೆ. ನಮ್ಮಂಥ ಕಡಿಮೆ ಬೆಲೆಯವಕ್ಕೆ ತಲೆ ಇಲ್ಲ ಮಾಮ, ಪುಟ ಜೋಡಿಸೋ ಕೆಲಸ ಎಲ್ಲ ಕಂಪ್ಯೂಟರ್ ಮಾಡಿ ಕೊಡಬೇಕು, ಇದು ಬರೀ ಶಾಯಿ ಒತ್ತುತ್ತೆ ಅಂದ. ನಮ್ಮದಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಸ್ವಿಚ್ ಆರಿಸಿದರೆ ಎಲ್ಲ ಮರೆತುಬಿಡುತ್ತೆ, ಪ್ರತಿ ಸಲ ಆನ್ ಮಾಡಿದಾಗಲೂ ಅದರ ಫರ್ಮ್‌ವೇರನ್ನೇ, ಅಂದರೆ ಪ್ರಿಂಟರ್ ಒಳಗೆ ಓಡೋ ಸಾಫ್ಟ್‌ವೇರನ್ನೇ, ಕಂಪ್ಯೂಟರ್ ತುಂಬಿ ಕೊಡಬೇಕು. ಹದಿಮೂರು ವರ್ಷ ಜೊತೆಗಿದ್ದೂ ಈ ವಿಷಯ ನನಗೆ ಗೊತ್ತಿರಲಿಲ್ಲ, ಹಳೇ ಡ್ರೈವರ್ ಸದ್ದಿಲ್ಲದೆ ಮಾಡಿಕೊಂಡು ಹೋಗ್ತಿತ್ತು.

ದಾರಿ ತೋರಿಸಿದವನೂ ಅವನೇ. ಅಟ್ಟದ ಮೇಲೆ ಒಂದು ಹಳೇ ಡ್ಯುಯಲ್ ಕೋರ್ ಕಂಪ್ಯೂಟರ್ ಬಿದ್ದಿತ್ತು. ವಿಂಡೋಸ್ 11 ಕೇಳೋ ಟಿಪಿಎಂ 2.0 ಅನ್ನೋ ಸುರಕ್ಷತಾ ಚಿಪ್ ಎಲ್ಲ ಅದರಲ್ಲಿ ಎಲ್ಲಿಂದ ಬರಬೇಕು? ಗುಜರಿಗೆ ಹಾಕೋದೊಂದು ಬಾಕಿ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದ, ದುಡ್ಡಿಲ್ಲ ಕಾಸಿಲ್ಲ. ಪ್ರಿಂಟರ್‌ನ ಯುಎಸ್‌ಬಿ ಅದಕ್ಕೇ ಚುಚ್ಚಿದ. ಮಾನಿಟರ್ ಬೇಕಾಗಿದ್ದು ಆ ಒಂದು ದಿನ ಮಾತ್ರ. ನನ್ನ ಪ್ರಿಂಟರ್‌ಗೆ ಲಿನಕ್ಸ್‌ನಲ್ಲಿ ಯಾರೋ ಪುಣ್ಯಾತ್ಮರು ಡ್ರೈವರ್ ಬರೆದಿಟ್ಟಿದ್ದಾರೆ, ಮಾಡಿದ ಕಂಪನಿ ಕೈಬಿಟ್ಟಿದ್ದನ್ನ ಗುರುತು ಪರಿಚಯ ಇಲ್ಲದವರು ಹಿಡಿದುಕೊಂಡಿದ್ದಾರೆ. ಲಿನಕ್ಸ್‌ನಲ್ಲಿ ಪ್ರಿಂಟ್ ನೋಡಿಕೊಳ್ಳೋ ಸಾಫ್ಟ್‌ವೇರ್ ಹೆಸರು ಕಪ್ಸ್, 1999ರಿಂದ ಇದೆ, ಆಪಲ್‌ನ ಮ್ಯಾಕ್‌ನಲ್ಲೂ ಅದೇ ಇರೋದಂತೆ. ಅದರಲ್ಲಿ ಪ್ರಿಂಟರ್ ಹಂಚು ಅನ್ನೋ ಕಡೆ ಒಂದು ಟಿಕ್ ಹಾಕಿದರೆ ಮುಗೀತು, ಆ ಡಬ್ಬಾ ಕಂಪ್ಯೂಟರ್ ಮನೆಗೆಲ್ಲ ಪ್ರಿಂಟ್ ಹಂಚುತ್ತೆ. ವಿಂಡೋಸ್ 11ರಲ್ಲಿ ಪ್ರಿಂಟರ್ ಸೇರಿಸೋ ಕಡೆ ಹೋಗಿ, ಕೈಯಾರೆ ಸೇರಿಸ್ತೀನಿ ಅಂತ ಹೇಳಿ, ಆ ಕಂಪ್ಯೂಟರ್ ವಿಳಾಸ, 631 ಅನ್ನೋ ಪೋರ್ಟ್ ನಂಬರು, ಪ್ರಿಂಟರ್ ಹೆಸರು ಬರೆಯಬೇಕು ಅಷ್ಟೇ. ಡ್ರೈವರ್ ವಿಂಡೋಸ್‌ನಲ್ಲೇ ಇರೋ ಐಪಿಪಿ, ಅಂದರೆ ನೆಟ್‌ವರ್ಕ್ ಮೂಲಕ ಪ್ರಿಂಟ್ ಕಳಿಸೋ ಪದ್ಧತಿಯದು ಸಾಕು. ಹೆಸರಿನ ನಡುವೆ ಜಾಗ ಬಿಡಬೇಡಿ, ಅಲ್ಲೇ ನಾವು ಅರ್ಧ ಗಂಟೆ ಕಳೆದದ್ದು. ಅದಕ್ಕೇ ಹೆಸರು ಬರೀ ಅಜ್ಜ.

ಮೊದಲ ಪ್ರಿಂಟ್ ಬಂತು. ಖುಷಿ ಆಯಿತು ಅನ್ನೋವಷ್ಟರಲ್ಲಿ ಎರಡನೇದಕ್ಕೆ ಕಿತ್ತಳೆ ದೀಪ ಮಿಣುಕು ಮಿಣುಕು. ಹಾಳೆ ಇದೆ, ಸಿಕ್ಕಿಹಾಕಿಕೊಂಡಿಲ್ಲ, ಮುಚ್ಚಳ ಮುಚ್ಚಿದೆ. ನೋಡಿದರೆ ಎಲ್ಲೋ ಒಂದು ಕಡೆ ಪೇಪರ್ ಸೈಜ್ ಲೆಟರ್ ಅಂತ ಕೂತಿದೆ. ಅಮೆರಿಕದವರ ಹಾಳೆ ಅದು, ನಮ್ಮ ಎ4ಗಿಂತ 18 ಮಿಲಿಮೀಟರ್ ಗಿಡ್ಡ, 6 ಮಿಲಿಮೀಟರ್ ಅಗಲ. ದಾವಣಗೆರೆಯಲ್ಲಿ ಅದನ್ನ ಯಾವ ಅಂಗಡಿಯಲ್ಲಿ ಮಾರ್ತಾರೆ ಹೇಳಿ ನೋಡೋಣ. ಮಿಂಟ್‌ನಲ್ಲಿ ಒಂದು ಸಲ, ವಿಂಡೋಸ್‌ನಲ್ಲಿ ಒಂದು ಸಲ, ಆಮೇಲೆ ಬ್ರೌಸರ್‌ನಲ್ಲಿ ಇನ್ನೊಂದು ಸಲ, ಮೂರೂ ಕಡೆ ಎ4 ಮಾಡಬೇಕು. ಒಂದು ಕಡೆ ಬಿಟ್ಟರೂ ಪಹಣಿಯ ಕೆಳಗಿನ ಸಾಲು ಕತ್ತರಿಸುತ್ತೆ, ಇಲ್ಲ ದೀಪ ಮಿಣುಕುತ್ತೆ.

ಈಗ ದಿನದ ಕಥೆ. ಬೆಳಿಗ್ಗೆ ಶಟರ್ ಎತ್ತಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಮೊದಲು ಡಬ್ಬಾ ಕಂಪ್ಯೂಟರ್ ಆನ್ ಮಾಡ್ತೀನಿ. ಅದು ಏಳೋಕೆ ಎರಡು ನಿಮಿಷ. ಅಷ್ಟರಲ್ಲಿ ಎ4 ರಿಮ್ ಬಿಚ್ಚಿ, ಐವತ್ತು ಹಾಳೆ ತೆಗೆದು, ಇಸ್ಪೀಟ್ ಎಲೆ ಥರ ಫರ್ ಅಂತ ಬಿಡಿಸಿ, ಮೇಜಿಗೆ ಎರಡು ಸಲ ಕುಟ್ಟಿ ಟ್ರೇಗೆ ಇಡ್ತೀನಿ. ಆಮೇಲೆ ಪ್ರಿಂಟರ್ ಸ್ವಿಚ್. ಒಂದು ಗರ್ ಅನ್ನುತ್ತೆ, ಸುಮ್ಮನಾಗುತ್ತೆ, ಎಂಟು ಹತ್ತು ಸೆಕೆಂಡ್ ಬಿಟ್ಟು ಇನ್ನೊಂದು ಗರ್. ಆ ಎರಡನೇ ಗರ್ ಅಂದರೆ ಫರ್ಮ್‌ವೇರ್ ಇಳೀತು, ಅಜ್ಜನಿಗೆ ನೆನಪು ಬಂತು ಅಂತ ಅರ್ಥ. ಎರಡನೇದು ಕೇಳಿಸದಿದ್ದರೆ ಯುಎಸ್‌ಬಿ ಕಿತ್ತು ಮತ್ತೆ ಚುಚ್ಚಬೇಕು. ನನ್ನ ಹೆಂಡತಿ ಒಳಗಿಂದ ಎರಡನೇದು ಬಂತಾ ಅಂತ ಕೇಳ್ತಾಳೆ, ಬಂತು ಅಂದರೆ ಟೀ ಬರುತ್ತೆ.

ಕರೆಂಟ್ ಹೋದಾಗ ಮಾತ್ರ ತಲೆನೋವು. ಲೇಸರ್ ಪ್ರಿಂಟರನ್ನ ಯುಪಿಎಸ್‌ಗೆ ಹಾಕಬಾರದು, ಒಳಗಿನ ಹೀಟರ್ ಒಂದೇ ಸಲ ಜಾಸ್ತಿ ಕರೆಂಟ್ ಎಳೆಯುತ್ತೆ. ಹಾಗಾಗಿ ಕಂಪ್ಯೂಟರ್ ಎದ್ದೇ ಇರುತ್ತೆ, ಅಜ್ಜ ಮಲಗಿಬಿಡ್ತಾನೆ, ಕರೆಂಟ್ ಬಂದಮೇಲೆ ಮತ್ತೆ ಎರಡು ಗರ್‌ಗೆ ಕಾಯೋದು. ಜನವರಿಯಲ್ಲಿ ಒಂದು ದಿನ ರೂಟರ್ ಆಫ್ ಆಗಿ ಆನ್ ಆದಮೇಲೆ ಡಬ್ಬಾ ಕಂಪ್ಯೂಟರ್‌ಗೆ ಬೇರೆ ವಿಳಾಸ ಕೊಟ್ಟುಬಿಡ್ತು, ವಿಂಡೋಸ್‌ಗೆ ಅಜ್ಜ ಕಳೆದೇಹೋದ. ರೂಟರ್‌ನಲ್ಲಿ ಆ ವಿಳಾಸ ಖಾಯಂ ಮಾಡಿಸಿಕೊಳ್ಳಿ, ಈ ಕೆಲಸ ಮೊದಲ ದಿನವೇ ಮಾಡಬೇಕಿತ್ತು.

ಆದರೆ ಒಂದು ವಿಷಯ ನಾನು ಕನಸಲ್ಲೂ ಎಣಿಸಿರಲಿಲ್ಲ. ಒಂದು ದಿನ ಫೋನ್‌ನಲ್ಲಿ ಯಾವುದೋ ಪಿಡಿಎಫ್ ತೆಗೆದು, ಕೈ ತಪ್ಪಿ ಪ್ರಿಂಟ್ ಒತ್ತಿದೆ. ಪಟ್ಟಿಯಲ್ಲಿ ಅಜ್ಜ ಅಂತ ಬಂತು! ವೈಫೈ ಅಂದರೇನಂತ ಗೊತ್ತಿಲ್ಲದ 2012ರ ಪ್ರಿಂಟರ್‌ಗೆ ನಾನು ಫೋನಿಂದ ಪ್ರಿಂಟ್ ಕೊಡ್ತಿದ್ದೀನಿ. ಮೊದಲೆಲ್ಲ ಗಿರಾಕಿ ವಾಟ್ಸಾಪ್‌ಗೆ ಕಳಿಸಿದರೆ ಕಂಪ್ಯೂಟರ್‌ನಲ್ಲಿ ತೆಗೆದು, ಅದು ಲಾಗೌಟ್ ಆಗಿದ್ದರೆ ಮತ್ತೆ ಕ್ಯೂಆರ್ ಸ್ಕ್ಯಾನ್ ಮಾಡಿ, ಹಿಂದೆ ನಾಲ್ಕು ಜನ ಬೇಗ ಬೇಗ ಅಂತಿರೋವಾಗ ಬೆವರು ಇಳೀತಿತ್ತು. ಈಗ ಇವಳು ಅಡುಗೆಮನೆಯಿಂದಲೇ ಪ್ರಿಂಟ್ ಕೊಡ್ತಾಳೆ, ನಾನು ಹಾಳೆ ಎತ್ತಿಕೊಟ್ಟು ದುಡ್ಡು ತಗೊಳ್ತೀನಿ. ಇದಕ್ಕೋಸ್ಕರವೇ ವೈಫೈ ಇರೋ ಇಂಕ್ ಟ್ಯಾಂಕ್ ನೋಡಿಟ್ಟಿದ್ದೆ, ಅಂಗಡಿಯಲ್ಲಿ 14,000 ಹೇಳಿದ್ದರು.

ನನಗೆ ಖರ್ಚಾಗಿದ್ದು ಒಂದು ಉದ್ದದ ಯುಎಸ್‌ಬಿ ಕೇಬಲ್, ನಲವತ್ತು ಹಾಳೆ, ಹುಡುಗನಿಗೆ ಎರಡು ಪ್ಲೇಟ್ ಬೆಣ್ಣೆ ದೋಸೆ. ಮನೆಯಲ್ಲಿ ತಿಂಗಳಿಗೆ ಹತ್ತು ಪುಟ ತೆಗೆಯೋರಿಗೆ ಇಷ್ಟೆಲ್ಲ ಒದ್ದಾಟ ಬೇಡ, ಹೊಸದೇ ತಗೊಳ್ಳಿ. ದಿನಾ ನೂರು ಪುಟ ತೆಗೆಯೋರು, ಅಟ್ಟದಲ್ಲಿ ಹಳೇ ಕಂಪ್ಯೂಟರ್ ಇರೋರು ಒಂದು ಭಾನುವಾರ ಕೂತು ನೋಡಿ. ಮೊದಲು ನಿಮ್ಮ ಮಾಡೆಲ್‌ಗೆ ಲಿನಕ್ಸ್ ಡ್ರೈವರ್ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಇದ್ಯಾವುದೂ ನಡೆಯಲ್ಲ. ಪ್ರಿಂಟರ್‌ಗೆ ಐದಕ್ಕೆ ನಾಲ್ಕು, ಕಂಪನಿಗೆ ಒಂದು.

ನಿನ್ನೆಯಿಂದ ಹಾಳೆಯ ಎಡಗಡೆ ಒಂದು ಪಟ್ಟಿ ಬಿಳಿಚಿಕೊಳ್ತಿದೆ. ಟೋನರ್ ತೆಗೆದು ತೊಟ್ಟಿಲ ಥರ ನಾಲ್ಕು ಸಲ ತೂಗಿ ಹಾಕಿದ್ದೀನಿ, ಇನ್ನೊಂದು ಐವತ್ತು ಹಾಳೆ ಬರಬಹುದು. ನಾಳೆ ರೀಫಿಲ್‌ಗೆ ಕೊಡಬೇಕು.