ಅಟ್ಟ ಸೇರಿದ್ದ ರೂಟರ್ ಮತ್ತೆ ಕೆಲಸಕ್ಕೆ: ಮೂರೂವರೆ ವರ್ಷಗಳ ಬಳಕೆಯ ವಿಮರ್ಶೆ

ಹೊಸ ರೂಟರ್ ಬಂದ ದಿನ ಹಳೆಯದನ್ನು ಅಡಾಪ್ಟರ್ ಸಮೇತ ಒಂದು ಚೀಲಕ್ಕೆ ತುರುಕಿ ಅಟ್ಟಕ್ಕೆ ಹಾಕಿದ್ದೆ. ಎಂಟು ತಿಂಗಳು ಕಳೆಯುವಷ್ಟರಲ್ಲಿ ಅದೇ ಚೀಲವನ್ನು ಹುಡುಕಿಕೊಂಡು ಏಣಿ ಹತ್ತಬೇಕಾಯಿತು. ಇಂಟರ್ನೆಟ್ ಸಂಪರ್ಕ ಬರುವುದು ಮನೆಯ ಮುಂಭಾಗಕ್ಕೆ, ನಾನು ಕೆಲಸ ಮಾಡುವುದು ಹಿಂಭಾಗದ ಕೋಣೆಯಲ್ಲಿ. ನಡುವೆ ಎರಡು ಇಟ್ಟಿಗೆ ಗೋಡೆಗಳು ಮತ್ತು ಒಂದು ಕಾಂಕ್ರೀಟ್ ಗೋಡೆ. ಹೊಸ ರೂಟರ್‌ನ ಪಕ್ಕದಲ್ಲಿ ನಿಂತರೆ ಸಿಗ್ನಲ್‌ನ ಬಲ ಅಳೆಯುವ ಮೊಬೈಲಿನ ಆ್ಯಪ್ ಮೈನಸ್ 45 ಡಿಬಿಎಂ ತೋರಿಸುತ್ತಿತ್ತು, ನನ್ನ ಮೇಜಿನ ಬಳಿ ಮೈನಸ್ 84. ಈ ಅಳತೆಯಲ್ಲಿ ಹತ್ತು ಅಂಕ ಇಳಿದಾಗಲೆಲ್ಲ ಸಿಗ್ನಲ್‌ನ ಶಕ್ತಿ ಹತ್ತನೇ ಒಂದು ಪಾಲಿಗೆ ಕುಸಿಯುತ್ತದೆ; ಅಂದರೆ ಗೋಡೆಗಳನ್ನೆಲ್ಲ ದಾಟಿ ನನ್ನ ಮೇಜಿಗೆ ತಲುಪುತ್ತಿದ್ದದ್ದು ಸುಮಾರು ಎಂಟು ಸಾವಿರದಲ್ಲಿ ಒಂದು ಪಾಲು. ವಿಡಿಯೊ ಕರೆಯ ನಡುವೆ ನನ್ನ ಮುಖ ಬಾಯಿ ತೆರೆದ ಭಂಗಿಯಲ್ಲೇ ನಿಂತುಬಿಡುತ್ತಿದ್ದದ್ದು ಇದರಿಂದಲೇ.

ಇದು ಯಾವುದೋ ಒಂದು ಕಂಪನಿಯ ಮಾದರಿಯ ವಿಮರ್ಶೆಯಲ್ಲ. ಹಳೆಯ ರೂಟರ್ ಒಂದನ್ನು ವೈಫೈ ವಿಸ್ತರಿಸಲು ಮೂರೂವರೆ ವರ್ಷ ಹಗಲಿರುಳು ಬಳಸಿದ ಮೇಲೆ ಅದರ ಬಗ್ಗೆ ನನಗೆ ಅನಿಸಿರುವುದನ್ನು ಬರೆಯುತ್ತಿದ್ದೇನೆ. ನನ್ನಲ್ಲಿದ್ದದ್ದು 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಕೆಲಸ ಮಾಡುವ, ಈಗ ವೈಫೈ 5 ಎಂದು ಕರೆಯಲಾಗುವ ಪೀಳಿಗೆಯ ಸಾಧನ. ಆ ಮಾನದಂಡ ಅಂಗೀಕಾರವಾದದ್ದು 2013ರಲ್ಲಿ, ಆದ್ದರಿಂದ ಹಳತು ಎಂದರೂ ತೀರಾ ಮುದಿಯೇನಲ್ಲ. ಕೇಬಲ್ ಪೋರ್ಟ್‌ಗಳು ಮಾತ್ರ 100 ಎಂಬಿಪಿಎಸ್‌ನವು. ಈ ಮಿತಿಯ ಮಾತು ಮುಂದೆ ಬರುತ್ತದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ: ರಿಪೀಟರ್ ವಿಧಾನ. ಸೆಟ್ಟಿಂಗ್ಸ್ ಪುಟದಲ್ಲಿ ಒಂದು ಆಯ್ಕೆ ಒತ್ತಿ, ಮುಖ್ಯ ರೂಟರ್‌ನ ಪಾಸ್‌ವರ್ಡ್ ಕೊಟ್ಟು, ಸಾಧನವನ್ನು ನೇರವಾಗಿ ಹಿಂದಿನ ಕೋಣೆಯಲ್ಲೇ ಇಟ್ಟೆ. ಮೊಬೈಲಿನಲ್ಲಿ ಸಿಗ್ನಲ್ ಗೆರೆಗಳು ಪೂರ್ತಿ ತುಂಬಿಕೊಂಡವು, ವೇಗ ಮಾತ್ರ ಇದ್ದಲ್ಲೇ ಇತ್ತು. ತಪ್ಪು ನನ್ನದೇ. ರಿಪೀಟರ್ ತನಗೆ ಕೇಳಿಸಿದ್ದನ್ನಷ್ಟೇ ಮರುನುಡಿಯಬಲ್ಲದು. ಅದಕ್ಕೇ ಮೈನಸ್ 84 ಕೇಳಿಸುತ್ತಿದ್ದರೆ ಅದು ಗಟ್ಟಿಯಾಗಿ ಕೂಗಿ ಹೇಳುವುದು ಆ ಹರಕು ಮಾತನ್ನೇ. ಅಲ್ಲಿಂದ ತೆಗೆದು ಎರಡರ ನಡುವಿನ ಓಣಿಯಲ್ಲಿ, ಎತ್ತರದ ಒಂದು ಹಲಗೆಯ ಮೇಲೆ ಇಟ್ಟಾಗ ಪರಿಸ್ಥಿತಿ ಸುಧಾರಿಸಿತು. ಆದರೂ ಒಂದೇ ರೇಡಿಯೊ ಒಂದೇ ಚಾನೆಲ್‌ನಲ್ಲಿ ಒಮ್ಮೆ ಕೇಳಿಸಿಕೊಂಡು ಇನ್ನೊಮ್ಮೆ ಹೇಳಬೇಕಾದ್ದರಿಂದ ವೇಗ ಸರಿಸುಮಾರು ಅರ್ಧಕ್ಕೆ ಇಳಿಯುವುದು ಈ ವಿಧಾನದ ಹುಟ್ಟುಗುಣ, ಅದಕ್ಕೆ ಔಷಧವಿಲ್ಲ. 150 ಎಂಬಿಪಿಎಸ್ ಸಂಪರ್ಕದಲ್ಲಿ ನನ್ನ ಮೇಜಿಗೆ ಸಿಗುತ್ತಿದ್ದದ್ದು 20ರ ಆಸುಪಾಸು, ಸಂಜೆ ಮನೆಯವರೆಲ್ಲ ಸೇರಿದ ಮೇಲೆ ಅದೂ ಇಲ್ಲ. ಸಂದೇಶ, ಮೇಲ್, ಸುದ್ದಿ ಓದುವಷ್ಟಕ್ಕೆ ಇದು ಸಾಕು. ಕರೆಗಳ ಮೇಲೆ ಹೊಟ್ಟೆಪಾಡು ನಿಂತಿರುವವರಿಗೆ ಸಾಲದು.

ಎರಡು ತಿಂಗಳು ಸಹಿಸಿ, ಕೊನೆಗೆ ಕೇಬಲ್ ಎಳೆಯುವ ನಿರ್ಧಾರ ಮಾಡಿದೆ. ಇಷ್ಟು ದಿನ ಮುಂದೂಡಿದ್ದಕ್ಕೆ ಸೋಮಾರಿತನವಲ್ಲದೆ ಬೇರೆ ಕಾರಣವಿರಲಿಲ್ಲ. ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ತೊಂದರೆಯಿಲ್ಲದೆ ಕೆಲಸ ಮಾಡುತ್ತದೆ, ನನಗೆ ಬೇಕಾದದ್ದು 18 ಮೀಟರ್. ಗೋಡೆಯ ಮೇಲಂಚಿನಲ್ಲಿ ಮೊಳೆಯಿರುವ ಕ್ಲಿಪ್ಪುಗಳನ್ನು ಹೊಡೆಯುತ್ತಾ, ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಕೇಬಲ್ ಮುರುಟಿಕೊಳ್ಳದಂತೆ ದೊಡ್ಡ ಬಾಗು ಕೊಡುತ್ತಾ, ಒಂದು ಭಾನುವಾರದ ಮಧ್ಯಾಹ್ನ ಅದರಲ್ಲೇ ಕಳೆಯಿತು. ಆ ಮಧ್ಯಾಹ್ನದ ಕೆಲಸದಿಂದ ಸಿಕ್ಕಷ್ಟು ಫಲ ರೂಟರ್‌ನ ಯಾವ ಸೆಟ್ಟಿಂಗ್‌ನಿಂದಲೂ ನನಗೆ ಸಿಕ್ಕಿಲ್ಲ.

ಕೇಬಲ್ ಬಂದ ಮೇಲೆ ಹಳೆಯ ರೂಟರ್ ರೂಟರ್ ಆಗಿ ಉಳಿಯಬಾರದು, ಬರಿಯ ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲ್‌ನಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವ ಸಾಧನ, ಆಗಬೇಕು. ಈಚಿನ ಹಲವು ಮಾದರಿಗಳಲ್ಲಿ ಇದಕ್ಕೆಂದೇ ಒಂದು ಆಯ್ಕೆ ಇರುತ್ತದೆ, ನನ್ನದರಲ್ಲಿ ಇರಲಿಲ್ಲ. ಹಾಗಾಗಿ ಲ್ಯಾಪ್‌ಟಾಪನ್ನು ಹಳೆಯ ರೂಟರ್‌ಗೆ ಮಾತ್ರ ಕೇಬಲ್‌ನಿಂದ ಜೋಡಿಸಿ, ಅದರ ಲ್ಯಾನ್ (ಮನೆಯೊಳಗಿನ ಜಾಲ) ವಿಳಾಸವನ್ನು 192.168.1.2 ಎಂದು ಬದಲಿಸಿದೆ. ಮುಖ್ಯ ರೂಟರ್‌ನ ವಿಳಾಸ 192.168.1.1, ಮತ್ತು ಅದು ಬೇರೆ ಸಾಧನಗಳಿಗೆ ಹಂಚುವ ವಿಳಾಸಗಳ ಸಾಲು 100ರಿಂದ ಆರಂಭವಾಗುವುದರಿಂದ ಈ 2 ಯಾರಿಗೂ ಅಡ್ಡ ಬರುವುದಿಲ್ಲ. ನಂತರ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಸೇವೆಯನ್ನು ನಿಲ್ಲಿಸಿದೆ. ಒಂದೇ ಬೀದಿಯಲ್ಲಿ ಇಬ್ಬರು ಮನೆಗಳಿಗೆ ನಂಬರ್ ಕೊಡುತ್ತಾ ಹೋದರೆ ಅಂಚೆಯವನ ಗತಿ ಏನಾಗುತ್ತದೋ, ಒಂದು ಜಾಲದಲ್ಲಿ ಎರಡು ಡಿಎಚ್‌ಸಿಪಿ ಇದ್ದರೆ ಅದೇ ಆಗುತ್ತದೆ. ಕೊನೆಗೆ ಮುಖ್ಯ ರೂಟರ್‌ನ ಲ್ಯಾನ್ ಪೋರ್ಟ್‌ನಿಂದ ಬಂದ ಕೇಬಲನ್ನು ಹಳೆಯದರ ಲ್ಯಾನ್ ಪೋರ್ಟ್‌ಗೇ ಹಾಕಿದೆ, ಹೊರಗಿನ ಇಂಟರ್ನೆಟ್ ಸಂಪರ್ಕಕ್ಕೆಂದು ಇರುವ ಬೇರೆ ಬಣ್ಣದ ವ್ಯಾನ್ ಪೋರ್ಟ್‌ಗೆ ಅಲ್ಲ. ವ್ಯಾನ್‌ಗೆ ಹಾಕಿದರೂ ಇಂಟರ್ನೆಟ್ ಬರುತ್ತದೆ, ಅದರಿಂದಲೇ ಜನ ಮೋಸಹೋಗುತ್ತಾರೆ. ಆದರೆ ಆಗ ಹಳೆಯ ರೂಟರ್ ತನ್ನ ಹಿಂದೆ ಇನ್ನೊಂದು ಪ್ರತ್ಯೇಕ ಜಾಲ ಕಟ್ಟಿಕೊಳ್ಳುತ್ತದೆ, ಮುಂದಿನ ಕೋಣೆಯ ಮೊಬೈಲಿಗೆ ಹಿಂದಿನ ಕೋಣೆಯ ಪ್ರಿಂಟರ್ ಕಾಣದೇ ಹೋಗುತ್ತದೆ. ನನ್ನ ರೂಟರ್‌ನ ವ್ಯಾನ್ ಪೋರ್ಟ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ ‘ಇದಕ್ಕೆ ಬೇಡ’ ಎಂದು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ. ಶಾಯಿ ಮಾಸಿದೆ, ಟೇಪ್ ಇನ್ನೂ ಇದೆ.

ಫಲಿತಾಂಶ ಅಂದೇ ಗೊತ್ತಾಯಿತು. ಮೇಜಿನ ಬಳಿ ಮೈನಸ್ 48, ವೇಗ 93 ಅಥವಾ 94 ಎಂಬಿಪಿಎಸ್. 150ರ ಸಂಪರ್ಕದಲ್ಲಿ 94ಕ್ಕೆ ಬಂದು ನಿಲ್ಲುವುದಕ್ಕೆ ಕಾರಣ ವೈಫೈ ಅಲ್ಲ, ಆ 100ರ ಪೋರ್ಟ್. ಸಾಗಾಟದ ಲೆಕ್ಕಾಚಾರಕ್ಕೆ ಹೋಗುವ ಪಾಲು ಕಳೆದರೆ ಅದರಿಂದ ಹೊರಬರುವುದು ಇಷ್ಟೇ. ಮೂರೂವರೆ ವರ್ಷದಲ್ಲಿ ಈ ಅಂಕಿ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ. ಅದಕ್ಕಿಂತ ಹೆಚ್ಚಿನ ವೇಗ ಬೇಕೇಬೇಕು ಎನ್ನುವವರು ಅಟ್ಟ ಹತ್ತುವ ಮೊದಲು ತಮ್ಮ ಹಳೆಯ ರೂಟರ್‌ನ ಪೋರ್ಟ್ ಗಿಗಾಬಿಟ್‌ನದೇ (1000 ಎಂಬಿಪಿಎಸ್) ಎಂದು ನೋಡಿಕೊಳ್ಳುವುದು ಒಳಿತು.

ಹೆಸರು ಮತ್ತು ಚಾನೆಲ್ ವಿಷಯದಲ್ಲಿ ಸ್ವಲ್ಪ ದಿನ ಒದ್ದಾಡಿದೆ. ಎರಡೂ ಕಡೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಇಟ್ಟರೆ ಮೊಬೈಲ್ ತಾನಾಗಿಯೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಚಾನೆಲ್ ಮಾತ್ರ ಬೇರೆಬೇರೆ ಇರಬೇಕು; 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದು ಸಾಮಾನ್ಯವಾಗಿ ಬಳಸುವುದು 1, 6 ಮತ್ತು 11ನ್ನು, ನಾನು ಮುಂದಿನದಕ್ಕೆ 1, ಹಿಂದಿನದಕ್ಕೆ 11 ಕೊಟ್ಟೆ. ಇಷ್ಟಾದರೂ ಮೊಬೈಲ್ ಜಿಗಟೆಯಂತೆ ಹಳೆಯ ಸಂಪರ್ಕಕ್ಕೇ ಅಂಟಿಕೊಂಡಿರುತ್ತಿತ್ತು: ಹಿಂದಿನ ಕೋಣೆಗೆ ಬಂದು ಕುಳಿತ ಮೇಲೂ ಮುಂದಿನ ರೂಟರ್‌ನ ಕ್ಷೀಣ ಸಿಗ್ನಲ್ಲನ್ನೇ ಹಿಡಿದು ತೂಗಾಡುವುದು. ಯಾವಾಗ ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬ ತೀರ್ಮಾನ ಮೊಬೈಲಿನದು, ರೂಟರ್‌ನದಲ್ಲ. ಐಫೋನ್ ತನ್ನ ಸಂಪರ್ಕ ಮೈನಸ್ 70ಕ್ಕಿಂತ ಕೆಳಗಿಳಿದ ಮೇಲಷ್ಟೇ ಬೇರೆಯದನ್ನು ಹುಡುಕಲು ತೊಡಗುತ್ತದೆ ಎಂದು ಆ್ಯಪಲ್ ಸಂಸ್ಥೆಯೇ ತಿಳಿಸಿದೆ. ಆದ್ದರಿಂದ ಎರಡೂ ರೂಟರ್‌ಗಳ ಪ್ರಸಾರದ ಶಕ್ತಿಯನ್ನು ಒಂದು ಹಂತ ತಗ್ಗಿಸಿದೆ. ವಿಸ್ತರಿಸಲು ಹೊರಟವನು ಶಕ್ತಿ ತಗ್ಗಿಸುವುದು ವಿಚಿತ್ರವಾಗಿ ಕಂಡೀತು, ಆದರೆ ಅದರಿಂದಲೇ ಓಣಿಯ ಮಧ್ಯದಲ್ಲಿ ಸಂಪರ್ಕ ಸರಿಯಾಗಿ ಕೈ ಬದಲಾಯಿಸತೊಡಗಿತು. ಕರೆಯಲ್ಲಿರುವಾಗ ನಡೆದುಕೊಂಡು ಹೋದರೆ ಒಂದೆರಡು ಸೆಕೆಂಡು ಮಾತು ತುಂಡಾಗುವುದು ಇಂದಿಗೂ ಇದೆ. ಒಂದೇ ಜಾಲವಾಗಿ ಕೂಡಿ ಕೆಲಸ ಮಾಡಲೆಂದೇ ತಯಾರಾದ, ಒಟ್ಟಿಗೇ ಕೊಂಡ ಮೆಶ್ ಸಾಧನಗಳು ಈ ವಿಷಯದಲ್ಲಿ ನನ್ನ ಏರ್ಪಾಡಿಗಿಂತ ಮೇಲು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ತೊಂದರೆಗಳು ಮೂರು ಬಂದವು, ಎರಡು ನನ್ನ ಕೈಯಿಂದಲೇ. ಮೊದಲ ವರ್ಷದಲ್ಲಿ ಹಳೆಯ ರೂಟರನ್ನು ರೀಸ್ಟಾರ್ಟ್ ಮಾಡಲು ಹೋಗಿ ಹಿಂಬದಿಯ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದೆ. ಅದು ರೀಸೆಟ್ ಗುಂಡಿಯಾಗಿತ್ತು. ಸಾಧನ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿ, ತನ್ನ ಮೂಲ ವಿಳಾಸವಾದ 192.168.1.1ನ್ನು ಮತ್ತೆ ಹಿಡಿದುಕೊಂಡಿತು, ಮುಖ್ಯ ರೂಟರ್‌ನದೂ ಅದೇ. ಆ ಸಂಜೆ ಮನೆಯ ಅರ್ಧ ಸಾಧನಗಳಿಗೆ ಇಂಟರ್ನೆಟ್ ಇತ್ತು, ಇನ್ನರ್ಧಕ್ಕೆ ಇರಲಿಲ್ಲ, ಹತ್ತು ನಿಮಿಷ ಬಿಟ್ಟು ನೋಡಿದರೆ ಅದಲುಬದಲು. ಬ್ರೌಸರ್‌ನಲ್ಲಿ ಆ ವಿಳಾಸ ತೆರೆದರೆ ಒಮ್ಮೆ ನೀಲಿ ಪುಟ, ಇನ್ನೊಮ್ಮೆ ಹಸಿರು ಪುಟ. ಹಸಿರು ಪುಟ ಹಳೆಯ ರೂಟರ್‌ನದು ಎಂದು ಹೊಳೆಯುವವರೆಗೆ ಸಂಪರ್ಕ ಕೊಟ್ಟವರನ್ನು ಮನಸ್ಸಿನಲ್ಲೇ ಬಯ್ದದ್ದಕ್ಕೆ ಲೆಕ್ಕವಿಲ್ಲ. ಇನ್ನೊಮ್ಮೆ ಧೂಳು ಒರೆಸುವಾಗ ಕೆಳಗೆ ನೇತಾಡುತ್ತಿದ್ದ ಕೇಬಲ್ ತುದಿಯೊಂದನ್ನು ಖಾಲಿ ಪೋರ್ಟ್‌ಗೆ ಸಿಕ್ಕಿಸಿದೆ. ಅದರ ಇನ್ನೊಂದು ತುದಿ ಆಗಲೇ ಅದೇ ರೂಟರ್‌ನಲ್ಲಿತ್ತು. ಜಾಲ ತನ್ನನ್ನೇ ತಾನು ಸುತ್ತತೊಡಗಿ, ಎರಡೂ ರೂಟರ್‌ಗಳ ದೀಪಗಳೆಲ್ಲ ಒಂದೇ ಲಯದಲ್ಲಿ ಹುಚ್ಚೆದ್ದು ಮಿನುಗಿದವು, ಇಡೀ ಮನೆಯ ಸಂಪರ್ಕ ಸತ್ತಿತು. ತುದಿ ಕಿತ್ತ ಕೂಡಲೇ ಎಲ್ಲ ಶಾಂತ.

ಮೂರನೆಯದು ವಯಸ್ಸಿನ ಕಾಯಿಲೆ. ಎರಡನೆಯ ವರ್ಷದ ಕೊನೆಗೆ ರೂಟರ್ ದಿನಕ್ಕೆ ನಾಲ್ಕೈದು ಸಲ ತಾನಾಗಿಯೇ ಆರಿ ಹೊತ್ತಿಕೊಳ್ಳತೊಡಗಿತು, ಅದೂ ಬಳಕೆ ಹೆಚ್ಚಿರುವ ಸಂಜೆಯಲ್ಲೇ. ಮಲ್ಟಿಮೀಟರ್ ಹಿಡಿದರೆ ಅಡಾಪ್ಟರ್ ಸರಿಯಾಗಿ 12 ವೋಲ್ಟ್ ಕೊಡುತ್ತಿತ್ತು. ರೂಟರ್‌ಗೆ ಜೋಡಿಸಿದ ಮೇಲೆ ಅಳೆದಾಗ 10ಕ್ಕೆ ಕುಸಿಯುತ್ತಿತ್ತು. ಇಂಥ ಅಡಾಪ್ಟರ್‌ಗಳೊಳಗಿನ ಕೆಪ್ಯಾಸಿಟರ್‌ಗಳು ಬಿಸಿಯಲ್ಲಿ ವರ್ಷಗಟ್ಟಲೆ ಇದ್ದು ಒಣಗುತ್ತವೆ, ಬರಿದೆ ಅಳೆದರೆ ಗೊತ್ತಾಗುವುದಿಲ್ಲ. ಬದಲಿ ಅಡಾಪ್ಟರ್‌ನ ವೋಲ್ಟ್ ಮತ್ತು ಪಿನ್ನಿನ ಧ್ರುವ ಹಳೆಯದರಂತೆಯೇ ಇರಬೇಕು, ಆಂಪಿಯರ್ ಅಷ್ಟೇ ಇರಬಹುದು ಅಥವಾ ಹೆಚ್ಚಿರಬಹುದು, ಕಡಿಮೆ ಇರಬಾರದು. 12 ವೋಲ್ಟ್, 1.5 ಆಂಪಿಯರ್‌ನದನ್ನು ಹಾಕಿದ ಮೇಲೆ ಆ ಕಾಟ ತಪ್ಪಿತು. ಇಷ್ಟು ವರ್ಷಗಳಲ್ಲಿ ಇದಕ್ಕಾಗಿ ಮಾಡಿದ ಖರ್ಚು ಆ ಕೇಬಲ್ ಮತ್ತು ಈ ಅಡಾಪ್ಟರ್ ಮಾತ್ರ. ವಿದ್ಯುತ್ತಿನ ಮಾತು ಹೇಳುವುದಾದರೆ, ಪ್ಲಗ್‌ಗೆ ಸಿಕ್ಕಿಸುವ ಮೀಟರ್ 5 ವಾಟ್ ತೋರಿಸುತ್ತದೆ, ವರ್ಷವಿಡೀ ಉರಿದರೆ ಸುಮಾರು 44 ಯೂನಿಟ್.

ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿದ್ದು ಫರ್ಮ್‌ವೇರ್, ಅಂದರೆ ರೂಟರ್‌ನೊಳಗೆ ಓಡುವ ತಂತ್ರಾಂಶ. ತಯಾರಕರು ಈ ಮಾದರಿಗೆ ಅಪ್‌ಡೇಟ್ ಕೊಡುವುದನ್ನು ನಾನು ಅಟ್ಟದಿಂದ ಇಳಿಸುವ ಮೊದಲೇ ನಿಲ್ಲಿಸಿದ್ದರು. ಹೊಸದರಂತೆ ಓಡುವ ಯಂತ್ರವನ್ನು ಹೀಗೆ ಕೈಬಿಡುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ಮುಖ್ಯ ರೂಟರ್‌ನ ಹಿಂದೆ ಕುಳಿತಿರುವುದರಿಂದ ಹೊರಗಿನವರು ಅದನ್ನು ನೇರವಾಗಿ ಮುಟ್ಟಲಾರರು ನಿಜ, ಆದರೆ ವೈಫೈ ಎಂಬುದು ಗೋಡೆಯಾಚೆಗೂ ಕೇಳಿಸುವ ವಸ್ತು. ವೈಫೈಗೆ ಬೀಗ ಹಾಕುವ ಡಬ್ಲ್ಯುಪಿಎ2 ಭದ್ರತೆಯಲ್ಲೇ 2017ರಲ್ಲಿ ಕ್ರ್ಯಾಕ್ ಎಂಬ ದೋಷ ಬಯಲಾದಾಗ ಅದಕ್ಕೆ ತೇಪೆ ಸಿಕ್ಕಿದ್ದು ಅಪ್‌ಡೇಟ್ ಪಡೆಯುತ್ತಿದ್ದ ಸಾಧನಗಳಿಗೆ ಮಾತ್ರ. ಗುಂಡಿ ಒತ್ತಿ ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯದ ಪಿನ್ ಸಂಖ್ಯೆಯನ್ನು ಸುಲಭವಾಗಿ ಊಹಿಸಬಹುದೆಂದು 2011ರಲ್ಲೇ ತಿಳಿದಿತ್ತು. ಅದನ್ನು ಮೊದಲ ದಿನವೇ ನಿಲ್ಲಿಸಿದೆ. ಸುಲಭವಾಗಿ ಮುರಿಯಬಹುದಾದ ಹಳೆಯ ಡಬ್ಲ್ಯುಇಪಿ ಭದ್ರತೆ ಬಿಟ್ಟರೆ ಬೇರೆ ಗತಿಯಿಲ್ಲದಷ್ಟು ಹಳೆಯ ರೂಟರ್ ನಿಮ್ಮಲ್ಲಿದ್ದರೆ ಅದನ್ನು ವೈಫೈಗೆ ಬಳಸಲೇಬೇಡಿ.

ನನಗೆ ದಾರಿ ತೋರಿದ್ದು ಓಪನ್‌ಡಬ್ಲ್ಯುಆರ್‌ಟಿ. 2004ರಲ್ಲಿ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರ್‌ನ ಬಹಿರಂಗವಾದ ಸೋರ್ಸ್ ಕೋಡ್‌ನಿಂದ ಹುಟ್ಟಿಕೊಂಡ ಈ ಮುಕ್ತ ತಂತ್ರಾಂಶ ಇಂದಿಗೂ ಹಳೆಯ ಸಾಧನಗಳಿಗೆ ಅಪ್‌ಡೇಟ್ ಒದಗಿಸುತ್ತಿದೆ. ಎಲ್ಲವಕ್ಕೂ ಅಲ್ಲ: 4 ಎಂಬಿ ಫ್ಲ್ಯಾಶ್ (ತಂತ್ರಾಂಶ ಉಳಿಸಿಡುವ ಜಾಗ), 32 ಎಂಬಿ ರ್‍ಯಾಮ್ ಇರುವ ಪುಟ್ಟ ರೂಟರ್‌ಗಳಲ್ಲಿ ಹೊಸ ಆವೃತ್ತಿಗಳು ಹಿಡಿಸುವುದಿಲ್ಲ. ನನ್ನದರಲ್ಲಿ 16 ಮತ್ತು 128 ಇದ್ದದ್ದು ಅದೃಷ್ಟ. ಫೈಲ್ ಏರಿಸಿ ಕಾಯ್ದ ಆ ನಾಲ್ಕು ನಿಮಿಷ, ದೀಪಗಳೆಲ್ಲ ಆರಿಹೋದಾಗ, ರೂಟರ್ ಕೆಲಸಕ್ಕೆ ಬಾರದ ಇಟ್ಟಿಗೆಯಾಯಿತೆಂದೇ ಎಣಿಸಿದ್ದೆ. ಮತ್ತೆ ಎದ್ದಿತು. ಎದ್ದ ಮೇಲೆ ವಿಳಾಸ, ಡಿಎಚ್‌ಸಿಪಿ, ಚಾನೆಲ್ ಎಲ್ಲವನ್ನೂ ಮೊದಲಿನಿಂದ ತುಂಬಬೇಕಾಯಿತು, ಆದರೆ ಈ ಸಲ ಒಂದು ಹಾಳೆಯಲ್ಲಿ ಬರೆದುಕೊಂಡು ಅದನ್ನು ರೂಟರ್‌ನ ತಳಕ್ಕೇ ಅಂಟಿಸಿದೆ.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ, ಕೇಬಲ್ ಎಳೆಯಲು ಸಾಧ್ಯವಿದ್ದರೆ. ರಿಪೀಟರ್ ಆಗಿ ಮಾತ್ರ ಬಳಸುವುದಾದರೆ ಎರಡೂವರೆ. ನನ್ನ ಮಾದರಿಗೆ ಓಪನ್‌ಡಬ್ಲ್ಯುಆರ್‌ಟಿಯ ಹೊಸ ಆವೃತ್ತಿಗಳು ಬರುತ್ತಿರುವವರೆಗೆ ಇದನ್ನು ಮೇಜಿನ ಮೇಲಿಂದ ಇಳಿಸುವ ಯೋಚನೆಯಿಲ್ಲ. ಅವು ನಿಂತ ದಿನ ವೈಫೈ ಆರಿಸಿ, ಅದೇ ನಾಲ್ಕು ಪೋರ್ಟ್‌ಗಳನ್ನು ಒಂದು ಕೇಬಲ್ ಸಂಪರ್ಕವನ್ನು ಹಲವು ಸಾಧನಗಳಿಗೆ ಹಂಚುವ ಬರಿಯ ನೆಟ್‌ವರ್ಕ್ ಸ್ವಿಚ್‌ನಂತೆ ಬಳಸಿಕೊಳ್ಳುತ್ತೇನೆ. ಪ್ರಿಂಟರ್‌ಗೂ ಮೇಜಿನ ಕಂಪ್ಯೂಟರ್‌ಗೂ ಕೇಬಲ್ ಹೇಗೂ ಅಲ್ಲಿಂದಲೇ ಹೋಗಿದೆ.