ಒಂದೇ ದಿನ ದುರ್ಗ ಹತ್ತುವುದೋ, ತಿಂಗಳಿಡೀ ನಡೆಯುವುದೋ?

ಒಳ್ಳೆಯ ಕೆಲಸಕ್ಕೆ ನಡೆದು ಹಣ ಕೂಡಿಸಬೇಕು ಅಂದುಕೊಂಡ ತುಮಕೂರಿನವರ ಮುಂದೆ ಎರಡು ದಾರಿ ಇವೆ. ಊರಿನಿಂದ ದೇವರಾಯನದುರ್ಗ ಬೆಟ್ಟಕ್ಕೆ ಒಂದೇ ದಿನದ ನಡಿಗೆ, ಇಲ್ಲವೇ ಅಮಾನಿಕೆರೆ ಬಳಿ ತಿಂಗಳಿಡೀ ದಿನಕ್ಕೆ 10,000 ಹೆಜ್ಜೆ.

ದುರ್ಗಕ್ಕೆ ಸುಮಾರು 15 ಕಿಲೋಮೀಟರ್. ದಾರಿಯಲ್ಲಿ ಸಿಗುವ ನಾಮದ ಚಿಲುಮೆ ಎಂಬ ಬುಗ್ಗೆ ದಾಟಿದ ಮೇಲೆ ಏರು ಜಾಸ್ತಿ. "ಬೆಟ್ಟ ಹತ್ತುತ್ತೇನೆ, ನಿಮ್ಮ ಕೈಲಾದಷ್ಟು ಕೊಡಿ" ಅಂದರೆ ಯಾರಿಗಾದರೂ ತಟ್ಟನೆ ಅರ್ಥವಾಗುತ್ತದೆ. ಆದರೆ ಅದು ಕಾಡಿನ ದಾರಿ. ಕತ್ತಲಲ್ಲಿ ಹೊರಡಬೇಡಿ, ಒಬ್ಬರೇ ಹೋಗಬೇಡಿ.

10,000 ಹೆಜ್ಜೆ ಅಂದರೆ ಹೆಚ್ಚುಕಡಿಮೆ 7 ಕಿಲೋಮೀಟರ್. ದಿನಾ ಒಂದೂವರೆ ಗಂಟೆ ಬೇಕು. ನೋಡುವವರಿಗೆ ಅಷ್ಟೇನೂ ರೋಚಕ ಅಲ್ಲ. ಆದರೂ ಹಣ ಕೂಡಿಸಲು ನನಗೆ ಇದೇ ಮೇಲು ಅನ್ನಿಸುತ್ತದೆ. ವಾರಕ್ಕೊಮ್ಮೆ ಜನರಿಗೆ ನೆನಪಿಸಬಹುದು, ನಡುವೆ ಸಂಬಳದ ದಿನವೂ ಬರುತ್ತದೆ ಅಲ್ವಾ? ಮಂಡಿನೋವು ಇರುವವರು ಬೆಟ್ಟದ ಆಸೆ ಬಿಟ್ಟು, ಹೆಜ್ಜೆ ಕಡಿಮೆ ಮಾಡಿ ಇದನ್ನೇ ಹಿಡಿಯಲಿ.

ಯಾವುದನ್ನೇ ಆರಿಸಿ, ಹಣ ನಿಮ್ಮ ಖಾತೆಗೆ ಬರುವುದು ಬೇಡ. ನೀವು ಯಾವ ಸಂಸ್ಥೆಗಾಗಿ ನಡೆಯುತ್ತೀರೋ ನೇರವಾಗಿ ಅದಕ್ಕೇ ಹೋಗಲಿ, ರಸೀದಿ ಸಿಗಲಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಯುಪಿಐ ಅಥವಾ ಚೆಕ್ ಕೇಳಿ.